ನಿಂಬೆಹಣ್ಣಿನ ಮೇಲೆ ಒಂದು ಸುತ್ತು

ಹೂಡಿಯಲ್ಲಿ ನಾನು ಬಾಡಿಗೆಗಿರುವ ಮನೆಯ ಓನರ್‌ಗೆ ಐವತ್ತು ದಾಟಿದೆ. ಅವರ ನಡುಮನೆಯಲ್ಲಿ, ದೊಡ್ಡ ಟಿವಿಯ ಕೆಳಗೆ, ಹಳೆಯ ವಿಡಿಯೊ ಗೇಮಿನ ಪೆಟ್ಟಿಗೆಯೊಂದಿದೆ. ಹಿಂದೆ ಮೇಲಿನ ಮನೆಯಲ್ಲಿದ್ದವರು ಯಾರೋ ಖಾಲಿ ಮಾಡುವಾಗ ಬಿಟ್ಟುಹೋದದ್ದು. ಅದರ ಜೊತೆ ಸಿಕ್ಕಿದ್ದು ಒಂದೇ ಡಿಸ್ಕ್, ಸ್ಕೇಟ್‌ಬೋರ್ಡ್ ಆಟದ್ದು.

ಆಟ ಸರಳ. ಒಂದು ಸರದಿಗೆ ಎರಡು ನಿಮಿಷ. ಚಕ್ರದ ಹಲಗೆಯ ಮೇಲೆ ನಿಂತವನು ಜಾರುತ್ತಾನೆ, ಹಾರುತ್ತಾನೆ, ಮೆಟ್ಟಿಲ ಪಕ್ಕದ ಕಂಬಿಯನ್ನು ಉಜ್ಜಿಕೊಂಡು ಹೋಗುತ್ತಾನೆ. ಒಂದು ಕಸರತ್ತಿಗೆ ಇನ್ನೊಂದನ್ನು ಪೋಣಿಸಿದಷ್ಟೂ ಅಂಕ ಏರುತ್ತದೆ. ಆದರೆ ನೆಟ್ಟಗೆ ನೆಲಕ್ಕಿಳಿದರೆ ಮಾತ್ರ ಅದು ನಮ್ಮದು. ಬಿದ್ದರೆ ಪೋಣಿಸಿದ್ದೆಲ್ಲ ಹೋಯಿತು. ಚಿತ್ರಗಳು ಈಗಿನ ಕಣ್ಣಿಗೆ ಬಣ್ಣದ ಅಚ್ಚು ಜರುಗಿದ ಪೇಪರ್ ಪುಟದಂತೆ ಕಾಣುತ್ತವೆ. ಐದು ನಿಮಿಷದಲ್ಲಿ ಅದು ಮರೆತುಹೋಗುತ್ತದೆ. ನನ್ನ ಫೋನಿನಲ್ಲಿರುವ ಆಟಗಳು ದಿನವೂ ಏನಾದರೊಂದು ಕೇಳುತ್ತವೆ: ಅಪ್‌ಡೇಟ್ ಮಾಡು, ಜಾಹೀರಾತು ನೋಡು, ಗೆಳೆಯರನ್ನು ಕರೆ. ಇದು ಬಿದ್ದವನನ್ನು ಎಬ್ಬಿಸಿ ನಿಲ್ಲಿಸಿ ಸುಮ್ಮನಿರುತ್ತದೆ. ತಪ್ಪು ಯಾರದೆಂದು ಬಿದ್ದವನಿಗೆ ಗೊತ್ತಿರುತ್ತದೆ. ಮತ್ತೆ ಆಡಿಸುವುದು ಅದೇ.

ನಮ್ಮ ಕಟ್ಟಡದಲ್ಲಿ ಅತಿ ಹೆಚ್ಚು ಅಂಕದ ದಾಖಲೆ ಓನರ್‌ದು. ಅದನ್ನು ಮುರಿಯಲು ಬಹಳ ಕಾಲದಿಂದ ಹೆಣಗುತ್ತಿದ್ದವನು ಕೆಳಗಿನ ರೂಮಿನ ಫಿಟರ್. ಬಾಗಲಕೋಟೆ ಕಡೆಯವನು, ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರಲ್ಲಿ ಕೆಲಸ. ಶಿಫ್ಟ್ ಮುಗಿಸಿ ಬಂದು, ಕೈ ತೊಳೆದು, ನೇರ ನಡುಮನೆಗೆ.

“ಏನ್ ಗುರು, ಇವತ್ತಾದ್ರೂ ಇಳೀತೀಯಾ, ಇಲ್ಲ ಮೂತಿ ಒಡ್ಕೊತೀಯಾ?” ಎಂದು ಓನರ್ ಕೆಣಕುತ್ತಿದ್ದರು.

“ತಡೀರಿ ಅಣ್ಣಾರ. ನಿಮ್ಮ ರೆಕಾರ್ಡ್ ಮುರದ ಹೋಗಾಂವ ನಾ.”

ಹೋಗುವ ದಿನ ಬಂತು. ಕಂಪನಿ ಅವನನ್ನು ಅತ್ತಿಬೆಲೆಯ ಘಟಕಕ್ಕೆ ಹಾಕಿತು. ಆಯುಧಪೂಜೆಯ ಮರುದಿನ ಬೆಳಿಗ್ಗೆಗೆ ಟೆಂಪೊ ಹೇಳಿಯಾಗಿತ್ತು. ಅಂದರೆ ಅವನಿಗೆ ಉಳಿದದ್ದು ಹಬ್ಬದ ಮಧ್ಯಾಹ್ನ ಮಾತ್ರ.

ಅಂದು ಕಾರ್ಖಾನೆಯ ಪೂಜೆ ಮುಗಿಸಿ ಕಡ್ಲೆಪುರಿ ಪೊಟ್ಟಣ ಹಿಡಿದು ಬಂದವನು ನಡುಮನೆಯ ಬಾಗಿಲಲ್ಲೇ ನಿಂತ. ಓನರ್ ತಾಯಿ ಕುಡುಗೋಲು, ಮಿಕ್ಸಿ, ನೀರಿನ ಮೋಟಾರು ಎಲ್ಲಕ್ಕೂ ಪೂಜೆ ಮಾಡುತ್ತ ಬಂದು ಗೇಮಿನ ಪೆಟ್ಟಿಗೆಗೂ ಕುಂಕುಮ ಇಟ್ಟು ಚೆಂಡುಹೂ ಏರಿಸಿದ್ದರು.

“ಪೂಜೆ ಆಗೋಯ್ತು ಕಣಪ್ಪ. ಇನ್ನು ನಾಳೀಕೇ ಮುಟ್ಟೋದು,” ಎಂದರು ಅಜ್ಜಿ.

“ನಾಳೆ ನಾ ಇರಂಗಿಲ್ರೀ ಅಮ್ಮಾರ.”

ಓನರ್ ಸೋಫಾದಲ್ಲಿ ಕಾಲು ಚಾಚಿದರು. “ದೇವ್ರೇ ನನ್ ರೆಕಾರ್ಡ್ ಕಾಯ್ತಾವ್ನೆ ಬಿಡು.”

ಫಿಟರ್ ನನ್ನ ಕಡೆ ತಿರುಗಿದ. “ಪೇಪರ್‌ನವ್ರು, ನೀವರ ಹೇಳ್ರಿ.”

ನಮ್ಮ ಮುದ್ರಣಯಂತ್ರಕ್ಕೂ ಪೂಜೆಯಾಗಿದೆ, ನಾಳೆ ಪತ್ರಿಕೆಯೇ ಇಲ್ಲ, ಅದಕ್ಕೇ ನಾನು ಮನೆಯಲ್ಲಿರುವುದು ಎಂದೆ. ನಿಜವನ್ನೇ ಹೇಳಿದ್ದು, ಅವನಿಗೆ ಉಪಯೋಗವಾಗಲಿಲ್ಲ.

ಅವನು ಕೆಳಗೆ ಬೀದಿಯಲ್ಲಿ ನಿಲ್ಲಿಸಿದ್ದ ಓನರ್ ಕಾರಿನತ್ತ ನೋಡಿದ. “ಕಾರಿಗೂ ಪೂಜಾ ಮಾಡೀರಿ. ಆಮ್ಯಾಲ ಅಣ್ಣಾರು ಓಡಿಸಿದ್ರಲ್ರೀ?”

“ಅದು ಗಾಡಿ. ನಿಂಬೆಹಣ್ ಮ್ಯಾಲೆ ಅತ್ತಿಸಿ ಒಂದ್ ಸುತ್ತು ಬರ್ಲೇಬೇಕು,” ಎಂದರು ಅಜ್ಜಿ.

“ಇದೂ ಗಾಡೀನ ರೀ. ನಾಕು ಗಾಲಿ ಅದಾವ, ನೋಡ್ರಿಲ್ಲೆ.” ಡಿಸ್ಕಿನ ಕವರ್ ತೆಗೆದು ಚಿತ್ರ ತೋರಿಸಿದ.

ಅಜ್ಜಿ ಕನ್ನಡಕ ಏರಿಸಿ ನೋಡಿದರು. “ಬ್ರೇಕ್ ಎಲ್ಲೈತೆ?”

“ಕಾಲ ಬ್ರೇಕ್ ರೀ.”

“ನಮ್ ಎತ್ತಿನ ಗಾಡೀಗೂ ಬ್ರೇಕ್ ಇರ್ನಿಲ್ಲ,” ಎಂದು ಅಜ್ಜಿ ತಮ್ಮಷ್ಟಕ್ಕೆ ತೀರ್ಮಾನಕ್ಕೆ ಬಂದರು. “ಗಾಡೀನೇ. ಆದ್ರೆ ಒಂದೇ ಸುತ್ತು.”

“ಅವ್ವಾ, ಇದು ಅನ್ಯಾಯ,” ಎಂದರು ಓನರ್. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಜ್ಜಿ ಪೆಟ್ಟಿಗೆಯ ಮುಂದೆ ಹಳೆಯ ಪೇಪರ್ ಹಾಸಿ ನಿಂಬೆಹಣ್ಣು ಇಟ್ಟರು. ಚಕ್ರ ಹತ್ತಿಸಲು ದಾರಿಯಿಲ್ಲದ್ದರಿಂದ ಫಿಟರ್ ಹಿಮ್ಮಡಿಯಿಂದ ಅದನ್ನು ಅಪ್ಪಚ್ಚಿ ಮಾಡಿ, ಕೂತು, ಆಟ ಶುರು ಮಾಡಿದ.

ಮೊದಲ ನಿಮಿಷ ಹದವಾಗಿ ಆಡಿದ. ಕೊನೆಗೆ ಉದ್ದನೆಯ ಸರಣಿಯೊಂದನ್ನು ಹಿಡಿದ: ಕಂಬಿಯಿಂದ ಕಟ್ಟೆ, ಕಟ್ಟೆಯಿಂದ ಕಂಬಿ. ಸಮಯ ಸೊನ್ನೆಗೆ ಬಂತು. ಈ ಆಟದಲ್ಲಿ ಸಮಯ ಮುಗಿದರೂ ಸರಣಿ ಮುಗಿಯುವವರೆಗೆ ಬಿಡುತ್ತಾರೆ. ಕೆಳಗೆ ಅಂಕ ಏರುತ್ತಲೇ ಇತ್ತು. ಓನರ್ ಸೋಫಾ ಬಿಟ್ಟು ಮುಂದೆ ಬಂದಿದ್ದರು.

“ಇಳಿಯೋ, ಇಳಿಯೋ. ನಂದು ದಾಟೋಯ್ತು ಕಣೋ, ಸಾಕು.”

ದಾಖಲೆ ತಮ್ಮದೇ ಎಂಬುದನ್ನು ಅವರು ಮರೆತಂತಿತ್ತು. ಫಿಟರ್ ಇಳಿಯಲಿಲ್ಲ. ಇನ್ನೊಂದು ಕಂಬಿಗೆ ಹಾರಿದ, ತಪ್ಪಿದ, ಮುಖ ಅಡಿಯಾಗಿ ಬಿದ್ದ. ಅಂಕ ಅಳಿಸಿಹೋಯಿತು.

ಅವನು ಕೈಯಲ್ಲಿದ್ದ ಆಟದ ರಿಮೋಟನ್ನು ಮೆಲ್ಲಗೆ ನೆಲಕ್ಕಿಟ್ಟ. ಓನರ್ ನಗಲಿಲ್ಲ.

“ಗಾಡಿ ಬಿತ್ತಾ?” ಅಜ್ಜಿ ಕೇಳಿದರು.

“ಬಿತ್ರೀ.”

“ಪೂಜೆ ಗಾಡೀನ ಬೀಳಿಸ್ಬುಟ್ಟು ಅಂಗೇ ನಿಲ್ಲಿಸ್ತಾರಾ? ಒಳ್ಳೇದಲ್ಲ.” ಮಗನ ಕಡೆ ತಿರುಗಿದರು. “ಓಗು, ಇನ್ನೊಂದ್ ಅಣ್ಣು ತತ್ತಾ.”

ಓನರ್ ಎದುರಾಡದೆ ಅಡುಗೆಮನೆಗೆ ಹೋಗಿ ತಂದರು.

ಎರಡನೆಯ ಸಲ ಫಿಟರ್ ನೋಡಲು ಬೇಸರವಾಗುವಂತೆ ಆಡಿದ. ಚಿಕ್ಕ ಚಿಕ್ಕ ಕಸರತ್ತು, ಪ್ರತಿಯೊಂದಕ್ಕೂ ಇಳಿಯುವುದು, ನಟ್ಟು ಬಿಗಿ ಮಾಡಿ ಮುಂದಿನದಕ್ಕೆ ಹೋದ ಹಾಗೆ. ಸಮಯ ಮುಗಿದಾಗ ಅವನು ನೆಲದ ಮೇಲೇ ಇದ್ದ. ಪರದೆಯಲ್ಲಿ ಪಟ್ಟಿ ಬಂತು. ಓನರ್ ಎರಡನೆಯ ಸಾಲಿನಲ್ಲಿದ್ದರು. ಅಂತರ ಹೇಳಿಕೊಳ್ಳುವಂಥದ್ದಲ್ಲ.

ಫಿಟರ್ ಫೋನಿನಲ್ಲಿ ಒಂದು ಫೋಟೊ ತೆಗೆದುಕೊಂಡ. ಓನರ್ ಪಟ್ಟಿಯನ್ನೇ ನೋಡುತ್ತ ಕೈ ಚಾಚಿದರು.

“ರಿಮೋಟ್ ಕೊಡಿಲ್ಲಿ ಮಗಾ. ಈಗ ನಂದು.”

“ಸುತ್ತು ಆಯ್ತು,” ಎಂದರು ಅಜ್ಜಿ. “ಇನ್ನು ನಾಳೀಕೆ.”

ಓನರ್ ಕೈ ಹಿಂದೆ ತೆಗೆದುಕೊಂಡರು. ಫಿಟರ್ ಅವರ ಅಂಗೈಗೆ ಒಂದು ಹಿಡಿ ಕಡ್ಲೆಪುರಿ ಸುರಿದು, ಸಾಮಾನು ಕಟ್ಟಲು ಕೆಳಗಿಳಿದ. ಪಟ್ಟಿ ಕಾಣುತ್ತಿದ್ದ ಟಿವಿಯನ್ನು ಯಾರೂ ಆರಿಸಲಿಲ್ಲ.