ನರ್ಸಮ್ಮನ ಬ್ಯಾಗಿಗೆ ಒಂದು ಚೂರು ಎಣ್ಣೆ

ಹೋದ ವಾರ ಮಗಳು ಒಂದು ಚರ್ಮದ ಬ್ಯಾಗು ತಂದಳು. ಕಂದು ಬಣ್ಣ, ಹೊಳಪು ಅನ್ನುವುದೇ ಇಲ್ಲ, ಮಡಿಸಿದ ಕಡೆಯೆಲ್ಲ ಬಣ್ಣ ತೆಳುವಾಗಿದೆ. ದುಡ್ಡು ಕೊಟ್ಟು ಯಾರದೋ ಹಳೇ ಬ್ಯಾಗು ತಂದಿದ್ದೀಯಲ್ಲೇ ಅಂದೆ. "ಅಮ್ಮ, ಇದು ಆಯಿಲ್ ಲೆದರ್. ಇದು ಇರೋದೇ ಹೀಗೆ. ಇಲ್ನೋಡು" ಅಂತ ಉಗುರಿನಿಂದ ಒಂದು ಗೀರು ಎಳೆದಳು. ಬಿಳಿಚಿಕೊಂಡ ಗೆರೆಯೊಂದು ಎದ್ದಿತು. ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿದಳು, ಗೆರೆ ಮಾಯ. ಅಂಗಡಿಯ ಹುಡುಗ ಹೇಳಿಕೊಟ್ಟನಂತೆ. ನಾನು ಬ್ಯಾಗನ್ನು ಮೂಗಿನ ಹತ್ತಿರ ಹಿಡಿದೆ. ಎಣ್ಣೆ ಕುಡಿದ ಚರ್ಮದ ವಾಸನೆ... ಆ ಹೆಬ್ಬೆರಳಿನ ಉಪಾಯವನ್ನು ನಾನು ಎಂದೋ ಕಲಿತಿದ್ದೆ. ಕಲಿಸಿದವರು, ಇದೇ ಮಗಳನ್ನು ನನ್ನ ಹೊಟ್ಟೆಯಿಂದ ಈಚೆಗೆ ತಂದ ನರ್ಸಮ್ಮ.

ಎಪ್ಪತ್ತರ ದಶಕದಲ್ಲಿ ನಾನು ಮದುವೆಯಾಗಿ ತಿಲಕ್ ನಗರಕ್ಕೆ ಬಂದೆ. ನಮ್ಮ ಮನೆಯ ಸಾಲಿನಲ್ಲೇ, ಮೂಲೆಗೆ ಹತ್ತಿರ, ನರ್ಸಮ್ಮ ತಮ್ಮನ ಸಂಸಾರದ ಜೊತೆ ಇದ್ದರು. ಅವರಿಗೆ ಮದುವೆಯಾಗಿರಲಿಲ್ಲ. ಹೆರಿಗೆ ಆಸ್ಪತ್ರೆಯಲ್ಲಿ ಕೆಲಸ, ಆದರೆ ಬೀದಿಯಲ್ಲಿ ಯಾರಿಗೆ ನೋವು ಕಾಣಿಸಿಕೊಂಡರೂ ಬಿಳೀ ಸೀರೆ ಸುತ್ತಿಕೊಂಡು, ಇಂಥದೇ ಒಂದು ಚರ್ಮದ ಬ್ಯಾಗು ಹಿಡಿದು ಬಂದುಬಿಡುತ್ತಿದ್ದರು. ಅವರಿಗೆ ಕೆಲಸ ಕಲಿಸಿದ ಡಾಕ್ಟರಮ್ಮ ಊರು ಬಿಡುವಾಗ ಕೊಟ್ಟು ಹೋದ ಬ್ಯಾಗಂತೆ. ಕತ್ತರಿ, ದಾರ, ಸ್ಟೀಲಿನ ಬಟ್ಟಲು, ಒಗೆದು ಮಡಿಸಿದ ಬಟ್ಟೆ, ಎಲ್ಲ ಅದರೊಳಗೆ. ನಮ್ಮ ಬೀದಿಯ ಮಕ್ಕಳೆಲ್ಲ ಆ ಬ್ಯಾಗಿನಿಂದಲೇ ಬಂದವು ಅಂತ ಗಂಡಸರು ತಮಾಷೆ ಮಾಡುತ್ತಿದ್ದರು.

ನನ್ನ ಬಾಣಂತನದಲ್ಲಿ ದಿನಾ ಬಂದು ಮಗುವಿಗೆ ಎಣ್ಣೆ ನೀವಿ ನೀರು ಹಾಕಿ ಹೋಗುತ್ತಿದ್ದರು. ಒಂದು ದಿನ ಮಳೆಯಲ್ಲಿ ತೊಯ್ದು ಬಂದರು. ತಾವು ತಲೆ ಒರೆಸಿಕೊಳ್ಳುವುದಿರಲಿ, ಮೊದಲು ಬ್ಯಾಗಿನ ಸಾಮಾನು ತೆಗೆದು, ಒಳಗೆ ಹಳೇ ಪೇಪರ್ ಉಂಡೆ ಮಾಡಿ ತುರುಕಿ, ವರಾಂಡದ ನೆರಳಲ್ಲಿ ಇಟ್ಟರು. ಒಲೆ ಪಕ್ಕ ಇಡಿ, ಬೇಗ ಒಣಗುತ್ತೆ ಅಂದೆ. "ಅಯ್ಯೋ, ಬೇಡಮ್ಮ. ಬಿಸಿ ತಗುಲಿದ್ರೆ ಹಪ್ಪಳ ಆಗ್ಬಿಡುತ್ತೆ. ಬಿಸಿಲೂ ಬೇಡ. ತನ್ನಷ್ಟಕ್ಕೆ ತಾನು ಆರ್ಲಿ" ಅಂದರು. ಮಾರನೇ ದಿನ ಮಗುವಿಗೆ ತಂದಿಟ್ಟಿದ್ದ ಹರಳೆಣ್ಣೆಯಲ್ಲೇ ಎರಡು ಹನಿ ಅಂಗೈಗೆ ಹಾಕಿಕೊಂಡರು. ಎರಡೂ ಕೈ ಉಜ್ಜಿ ಬೆಚ್ಚಗೆ ಮಾಡಿ, ಹಳೇ ಪಂಚೆಯ ಚೂರಿಗೆ ಒತ್ತಿ, ಹಿಡಿಯ ಬುಡಕ್ಕೂ ಮಡಿಕೆಗಳಿಗೂ ಸವರಿದರು. ಬೆಳಿಗ್ಗೆಯವರೆಗೆ ಬಿಟ್ಟು, ಉಳಿದದ್ದನ್ನು ಒಣಬಟ್ಟೆಯಲ್ಲಿ ಒರೆಸಬೇಕಂತೆ.

ಇನ್ನೊಂದಿಷ್ಟು ಹಾಕಿ ನರ್ಸಮ್ಮ, ನನ್ನ ಎಣ್ಣೆ ಅಂತ ಸಂಕೋಚ ಬೇಡ ಅಂದೆ. ನಕ್ಕರು. "ಮಗೂಗಾದ್ರೆ ಎಷ್ಟು ಬೇಕಾದ್ರೂ ಹಾಕ್ಬೋದು, ತೊಳೆದ್ರೆ ಹೋಗುತ್ತೆ. ಇದಕ್ಕೆ ಹಾಕಿದ್ದು ಒಳಗೇ ಉಳಿಯುತ್ತೆ. ಮಳೆಗಾಲಕ್ಕೆ ಮುಂಚೆ ಒಂದ್ಸಲ, ಚಳಿ ಶುರುವಾದಾಗ ಒಂದ್ಸಲ. ಅದು ಕೇಳಿದಾಗ ಕೊಡ್ಬೇಕು, ನಮಗೆ ಕೊಡ್ಬೇಕು ಅನ್ನಿಸಿದಾಗಲ್ಲ." ಈ ಸೇವೆಯನ್ನೆಲ್ಲ ಬಾಗಿಲಲ್ಲಿ ನಿಂತು ನೋಡಿದ ನನ್ನ ಗಂಡ, ಮುಂದಿನ ಜನ್ಮದಲ್ಲಿ ಬ್ಯಾಗಾಗಿ ಹುಟ್ಟಬೇಕು ಅಂತ ಗೊಣಗಿಕೊಂಡು ಆಫೀಸಿಗೆ ಹೋದರು.

ಮಗಳು ಸ್ಕೂಲಿಗೆ ಹೋಗತೊಡಗಿದ್ದಳು. ನರ್ಸಮ್ಮ ರಿಟೈರಾಗಿದ್ದರು. ಒಂದು ದಿನ ಅವರು ಜಗಲಿಯ ಮೇಲೆ ಕೂತು ಬ್ಯಾಗಿಗೆ ಎಣ್ಣೆ ಹಚ್ಚುತ್ತಿದ್ದುದನ್ನು ನೋಡಿದೆ. ಮಾರನೇ ದಿನವೂ ಹಚ್ಚುತ್ತಿದ್ದರು. ಅದರ ಮಾರನೇ ದಿನವೂ. "ನಿನ್ನೆ ತಾನೇ ಹಚ್ಚಿದ್ರಲ್ಲ ನರ್ಸಮ್ಮ?" ಅಂದರೆ, "ನಾನಾ? ಮುಟ್ಟಿ ಯಾವ ಕಾಲ ಆಯ್ತು" ಅಂದರು. ಆಮೇಲೆ ಎದುರು ಮನೆಯವಳನ್ನು, ಮಕ್ಕಳಾಗಿದ್ಯೇನಮ್ಮ ಅಂತ ಕೇಳಿದರಂತೆ. ಅವಳ ಅಷ್ಟೂ ಹೆರಿಗೆ ಮಾಡಿಸಿದ್ದು ಇವರೇ. ಅವಳು ನಮ್ಮನೆಗೆ ಬಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು. ನರ್ಸಮ್ಮನ ತಮ್ಮ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ವಯಸ್ಸಾಯ್ತಲ್ಲ ಅಂದರು. ಬೀದಿಯವರು ಅರಳು ಮರಳು ಅಂದರು. ಮುಂದೇನು ಅಂತ ಯಾರಿಗೂ ಗೊತ್ತಿರಲಿಲ್ಲ.

ಅವರ ಮನೆಯಲ್ಲಿ ಎಣ್ಣೆ ಬಚ್ಚಿಟ್ಟರು. ನರ್ಸಮ್ಮ ಸಣ್ಣ ಬಟ್ಟಲು ಹಿಡಿದು ಬೀದಿಗೆ ಬಂದರು. "ಒಂದು ಚೂರು ಎಣ್ಣೆ ಕೊಡಮ್ಮ, ಬ್ಯಾಗಿಗೆ." ಯಾರು ಇಲ್ಲ ಅಂತಾರೆ? ಒಬ್ಬಳು ಹರಳೆಣ್ಣೆ ಕೊಟ್ಟಳು, ಒಬ್ಬಳು ಕೊಬ್ಬರಿ ಎಣ್ಣೆ, ಇನ್ನೊಬ್ಬಳು ಕಡಲೆಕಾಯಿ ಎಣ್ಣೆ. ಪ್ರತಿ ಮನೆಯಲ್ಲೂ ಒಂದೇ ಚಮಚ. ಪ್ರತಿಯೊಬ್ಬಳಿಗೂ ಒಂದು ಋಣ ತೀರಿಸಿದ ಸಮಾಧಾನ. ಬ್ಯಾಗು ಮೊದಲು ಕಪ್ಪಾಯಿತು. ಮಡಿಸಿದರೆ ತೆಳುವಾಗುತ್ತಿದ್ದ ಬಣ್ಣ ಈಗ ಕದಲಲೇ ಇಲ್ಲ. ಆಮೇಲೆ ಮೆತ್ತಗಾಗಿ, ನೆಲದ ಮೇಲಿಟ್ಟರೆ ಒದ್ದೆ ಬಟ್ಟೆಯ ಹಾಗೆ ಕುಸಿದು ಕೂರುತ್ತಿತ್ತು. ಧೂಳು ಅಂಟಿತು, ಇರುವೆ ಬಂದವು, ಜಿಡ್ಡುವಾಸನೆ ಬೀದಿಗೆಲ್ಲ ಹರಡಿತು.

ಒಂದು ಮಧ್ಯಾಹ್ನ ನರ್ಸಮ್ಮನ ತಮ್ಮನ ಹೆಂಡತಿ ನಮ್ಮನೆಗೆ ಬಂದಳು. ಒಳ್ಳೆಯ ಹೆಂಗಸು, ಸೋತು ಸುಣ್ಣವಾಗಿದ್ದಳು. "ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ, ಅತ್ತಿಗೆಗೆ ಎಣ್ಣೆ ಕೊಡ್ಬೇಡಿ. ಎದ್ದ ತಕ್ಷಣ ಆ ಬ್ಯಾಗನ್ನ ತೊಡೆ ಮೇಲೆ ಇಟ್ಕೊಂಡು, ಯಾರೋ ಕರೆಯೋಕೆ ಬರ್ತಾರೆ ಅಂತ ಸುಮ್ನೆ ಕೂತಿರ್ತಾರೆ. ಒಂದ್ಸಲ ತೆಗೆದಿಟ್ಟೆ, ಅನ್ನ ಮುಟ್ಲಿಲ್ಲ. ಈಗ ಅವರಿಗೆ ಗುರುತು ಅಂತ ಇರೋದು ಅದೊಂದೇ. ಅದೂ ಹಾಳಾದ್ರೆ ನಾನು ಏನು ಹೇಳಿ ಕೂರಿಸ್ಲಿ?" ಬೀದಿಯ ಹೆಂಗಸರೆಲ್ಲ ಸೇರಿ ಒಪ್ಪಿಕೊಂಡೆವು. ಇನ್ನು ಮೇಲೆ ಯಾರೂ ಕೊಡೋದು ಬೇಡ.

ಮಾರನೇ ಬೆಳಿಗ್ಗೆ ಬಟ್ಟಲು ನನ್ನ ಬಾಗಿಲಿಗೇ ಬಂತು. ಎಣ್ಣೆ ಆಗೋಗಿದೆ ನರ್ಸಮ್ಮ ಅಂದೆ. ಒಳಗೆ ಒಗ್ಗರಣೆಯಲ್ಲಿ ಸಾಸಿವೆ ಚಟಪಟ ಅನ್ನುತ್ತಿತ್ತು, ಹಾಳಾದ್ದು. ಅವರು ವಾದ ಮಾಡಲಿಲ್ಲ. "ಹೋಗ್ಲಿ ಬಿಡಮ್ಮ, ಮುಂದಿನ ಮನೇಲಿ ಕೇಳ್ತೀನಿ" ಅಂತ ಮೆಟ್ಟಿಲಿಳಿದರು. ಇಳಿದವರು ತಿರುಗಿ ನಿಂತರು. "ಈ ಮನೇಲಿ ಹಸೀ ಬಾಣಂತಿ ಇದಾಳೆ. ತಣ್ಣೀರಿಗೆ ಕೈ ಹಾಕ್ಬೇಡ ಅಂತ ಹೇಳಮ್ಮ ಅವಳಿಗೆ. ಹೇಳಿದ ಮಾತು ಕೇಳಲ್ಲ, ಹಟಮಾರಿ." ಆ ಬಾಣಂತಿ ನಾನು. ಎಷ್ಟೋ ವರ್ಷಗಳ ಹಿಂದಿನ ನಾನು... ನನ್ನ ಕೈಯಲ್ಲಿ ಆಗಲಿಲ್ಲ. ಕೂಗಿ ಕರೆದು ಬಟ್ಟಲಿಗೆ ಎಣ್ಣೆ ಬಗ್ಗಿಸಿದೆ. ಆಮೇಲೆ ವಿಚಾರಿಸಿದರೆ, ಅವತ್ತು ಬೇರೆ ಮನೆಗಳಲ್ಲೂ ಹೀಗೇ ಏನೋ ಒಂದು ನಡೆದಿತ್ತು.

ಅದಾದ ಕೆಲವು ದಿನಕ್ಕೆ ಎದುರು ಮನೆಯವಳ ತಂಗಿಗೆ ನೋವು ಶುರುವಾಯಿತು. ಆಸ್ಪತ್ರೆಗೆ ಹೊರಡಲು ಆಟೋ ಬಂದು ನಿಂತಿತ್ತು. ಆ ನರಳಾಟ ಕೇಳಿದ್ದೇ ನರ್ಸಮ್ಮ ಎದ್ದು ಬಂದರು. ಬಿಳೀ ಸೀರೆ, ಕೈಯಲ್ಲಿ ಬ್ಯಾಗು, ಮುಖದಲ್ಲಿ ಮೊದಲಿನ ಕಳೆ. ಒಂದು ಕ್ಷಣ ನಾವೆಲ್ಲ ಮರೆತೇಬಿಟ್ಟೆವು, ದಾರಿ ಬಿಟ್ಟೆವು. ಆಟೋ ಹತ್ತಲು ಬ್ಯಾಗನ್ನು ಎತ್ತಿದರು. ಹಿಡಿ ಕಿತ್ತು ಕೈಗೆ ಬಂತು. ಬ್ಯಾಗು ಕೆಳಗೆ ಬಿದ್ದು, ತಳದ ಹೊಲಿಗೆ ಬಿಟ್ಟುಕೊಂಡು, ಕತ್ತರಿ, ಬಟ್ಟಲು, ದಾರದ ಉಂಡೆ ರಸ್ತೆಯ ಮೇಲೆ ಚೆಲ್ಲಿದವು. ಹುಡುಗಿ ಒಳಗೆ ಕಿರುಚುತ್ತಿದ್ದಳು. ಆಟೋ ಕಾಯುವ ಹಾಗಿರಲಿಲ್ಲ, ಹೊರಟುಹೋಯಿತು.

ನರ್ಸಮ್ಮ ರಸ್ತೆಯಲ್ಲೇ ಕೂತು ಬ್ಯಾಗನ್ನು ತೊಡೆ ಮೇಲೆ ಎಳೆದುಕೊಂಡರು. ಕಿತ್ತುಹೋದ ಜಾಗವನ್ನು ಹೆಬ್ಬೆರಳಿನಿಂದ ಉಜ್ಜಿದರು. ಮತ್ತೆ ಉಜ್ಜಿದರು. ಎಣ್ಣೆ ಬೆರಳ ಸಂದಿಯಿಂದ ಇಳಿದು ಬಿಳೀ ಸೀರೆಗೆ ಹತ್ತುತ್ತಿತ್ತು. "ಪಾಪ, ಎಣ್ಣೆ ಕಂಡು ಎಷ್ಟು ದಿನ ಆಯ್ತೋ ಏನೋ. ಯಾರೂ ನೋಡ್ಕೊಂಡೇ ಇಲ್ಲ ಇದನ್ನ" ಅಂದರು. ಆಮೇಲೆ ತಲೆಯೆತ್ತಿ ನನ್ನ ಕಡೆ ನೋಡಿದರು. "ಒಂದು ಚೂರು ಎಣ್ಣೆ ಇದ್ರೆ ಕೊಡಮ್ಮ."

ಬಸ್ ಸ್ಟಾಪಿನ ಹತ್ತಿರ ಚಪ್ಪಲಿ ಹೊಲಿಯುತ್ತಿದ್ದವನಿಗೆ ನಾನೇ ಬ್ಯಾಗನ್ನು ಒಯ್ದು ತೋರಿಸಿದೆ. ದಾರ ಹಾಕಿದ, ಎಳೆದ, ಚರ್ಮ ಹರಿಯಿತು. "ಇದರಲ್ಲಿ ಇನ್ನು ಹೊಲಿಗೆ ನಿಲ್ಲಲ್ಲಕ್ಕ" ಅಂದ. ನರ್ಸಮ್ಮನ ತಮ್ಮ ಒಂದು ರೆಕ್ಸಿನ್ ಬ್ಯಾಗು ತಂದುಕೊಟ್ಟರು. ನರ್ಸಮ್ಮ ಅದಕ್ಕೂ ಎಣ್ಣೆ ಸವರಿ ನೋಡಿದರು. ಎಣ್ಣೆ ಮೇಲೇ ಹರಿದು ಕೆಳಗಿಳಿಯಿತು. "ಇದು ಕುಡಿಯಲ್ಲ" ಅಂತ ಪಕ್ಕಕ್ಕೆ ತಳ್ಳಿದರು. ಆಮೇಲೆ ಅವರು ಜಗಲಿಗೆ ಬಂದು ಕೂರುವುದೂ ನಿಂತಿತು. ಮುಂದಿನ ಬೇಸಿಗೆಗೆ ಹೋಗಿಬಿಟ್ಟರು... ಆ ಬೀದಿಯನ್ನು ನಾವು ಬಿಟ್ಟು ಬಂದು ಎಷ್ಟೋ ಕಾಲವಾಯಿತು.

ಇವತ್ತು ಬೆಳಿಗ್ಗೆ ಮಗಳು ಕೇಳಿದಳು, "ಅಮ್ಮ, ಇದಕ್ಕೆ ಎಣ್ಣೆ ಯಾವಾಗ ಹಚ್ಬೇಕು? ಅಂಗಡಿ ಹುಡುಗ ಏನೋ ಹೇಳಿದ, ಮರ್ತೋಯ್ತು." ಮಳೆಗಾಲಕ್ಕೆ ಮುಂಚೆ ಒಂದು ಸಲ, ಚಳಿಗೆ ಒಂದು ಸಲ ಅಂದೆ. ಅದಾಗಿ ಕೇಳಿದಾಗ ಮಾತ್ರ, ಎರಡೇ ಹನಿ, ಅದರ ಮೇಲೆ ಬೇಡ. ಅಷ್ಟೆಲ್ಲ ಖಡಾಖಂಡಿತವಾಗಿ ಹೇಳಿ ಅಡುಗೆಮನೆಗೆ ಬಂದು ನಿಂತೆ. ಎದುರಿಗೆ ಎಣ್ಣೆಯ ಬಾಟಲಿ ಇತ್ತು. ಈಗ ನರ್ಸಮ್ಮ ಬಟ್ಟಲು ಹಿಡಿದು ಗೇಟಿನ ಹತ್ತಿರ ಬಂದು ನಿಂತರೆ, ಇಷ್ಟೆಲ್ಲ ಗೊತ್ತಿದ್ದೂ, ನಾನು ಮತ್ತೆ ಬಗ್ಗಿಸಿಕೊಡುತ್ತೇನೆ. ಅವರಿಗೆ ಇಲ್ಲ ಅನ್ನುವುದು ನನಗೆ ಇನ್ನೂ ಬಂದಿಲ್ಲ.