ಹಲಗೆಯ ಅಡಿಬದಿ

ಸೌನಾದ ಮರಕ್ಕೆ ಏನನ್ನೂ ಹಚ್ಚಬಾರದು. ಕೊಲ್ಲಿಯ ಬಂದರೊಂದರಲ್ಲಿ ನಿಂತಿರುತ್ತಿದ್ದ ಶ್ರೀಮಂತರ ವಿಹಾರನೌಕೆಗೆ ನಾನು ಬಡಗಿಯಾಗಿ ಸೇರಿದ ದಿನ ಮೇಲ್ವಿಚಾರಕ ಹೇಳಿದ ಮೊದಲ ಮಾತು ಅದು. ಸೌನಾ ಎಂದರೆ ನೌಕೆಯ ಒಳಗಿದ್ದ ಸಣ್ಣ ಮರದ ಕೋಣೆ. ಮೂಲೆಯಲ್ಲಿ ಕಲ್ಲು ತುಂಬಿದ ವಿದ್ಯುತ್ ಒಲೆ, ಮೆಟ್ಟಿಲಿನಂತೆ ಎರಡು ಬೆಂಚು. ಜನ ಟವೆಲ್ ಹಾಸಿ ಕೂತು ಬೆವರುತ್ತಾರೆ.

ಕೆಲಸ ಕಷ್ಟದ್ದಲ್ಲ, ಮುಗಿಯುವಂಥದ್ದೂ ಅಲ್ಲ. ಅವರು ಎದ್ದು ಹೋದ ಮೇಲೆ ನೆಲದ ಪಟ್ಟಿಗಳನ್ನು ಎತ್ತಿ ಗೋಡೆಗೆ ಒರಗಿಸಬೇಕು. ಉಗುರು ಬೆಚ್ಚಗಿನ ಸಾಬೂನು ನೀರಿನಲ್ಲಿ ಬೆಂಚು ಒರೆಸಿ ಬಾಗಿಲು ತೆರೆದಿಡಬೇಕು. ಬೆವರಿನ ಕಲೆಯನ್ನು ನುಣ್ಣನೆಯ ಮರಳುಕಾಗದದಿಂದ ಮರದ ಎಳೆಯ ದಿಕ್ಕಿನಲ್ಲೇ ಉಜ್ಜಬೇಕು. ಸ್ಕ್ರೂಗಳೆಲ್ಲ ಅಡಿಯಿಂದ, ಮೇಲಿದ್ದರೆ ಕಾದು ತೊಡೆ ಸುಡುತ್ತದೆ. ಮೂರು ವರ್ಷ ಇದನ್ನೇ ಮಾಡಿದೆ.

ಮೂರನೆಯ ಬೇಸಿಗೆಯಲ್ಲಿ ಕೆಳ ಬೆಂಚಿನ ಅಡಿಬದಿ ಕಪ್ಪಾಯಿತು. ಬೂಷ್ಟು. ಉಜ್ಜಿ ತೆಗೆದೆ, ಮತ್ತೆ ಬಂತು. ರಜೆಯಲ್ಲಿ ನನ್ನ ಊರಿಗೆ, ಸುಳ್ಯದ ಹತ್ತಿರದ ಸವಣೂರಿಗೆ, ಬಂದವನು ಮರಳುವಾಗ ಹಪ್ಪಳದ ಕಟ್ಟಿನ ನಡುವೆ ಒಂದು ಸೀಸೆ ಗೇರೆಣ್ಣೆ ಇಟ್ಟುಕೊಂಡು ಹೋದೆ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಕಪ್ಪು ಎಣ್ಣೆ ಅದು. ನಮ್ಮಲ್ಲಿ ಯಾವ ಬಡಗಿಯೂ ಬಾಗಿಲ ಚೌಕಟ್ಟಾದ ದಾರಂದದ ಗೋಡೆಗೆ ತಾಗುವ ಬದಿಗೆ, ಹೆಂಚು ಹೊರುವ ಪಕ್ಕಾಸಿನ ತುದಿಗೆ ಅದನ್ನು ಹಚ್ಚದೆ ಬಿಡುವುದಿಲ್ಲ. ಗೆದ್ದಲು, ಬೂಷ್ಟು ಹತ್ತಿರ ಬರುವುದಿಲ್ಲ. ಹಸಿ ಇರುವಾಗ ಚರ್ಮ ಸುಡುತ್ತದೆ, ಒಣಗಿದರೆ ಏನೂ ಇಲ್ಲ. ಇದು ನನಗೆ ಕಲಿಸಿಕೊಟ್ಟದ್ದಲ್ಲ, ಕೆಲಸದ ಜೊತೆಗೇ ಬಂದದ್ದು.

ಯಾರನ್ನೂ ಕೇಳಲಿಲ್ಲ. ಕೆಳ ಬೆಂಚಿನ ಅಡಿಗೆ ಮಾತ್ರ, ತೆಳುವಾಗಿ ಒಂದು ಕೈ ಹಚ್ಚಿ, ಅತಿಥಿಗಳಿಲ್ಲದ ಹನ್ನೆರಡು ದಿನ ಬಾಗಿಲು ತೆರೆದಿಟ್ಟೆ. ಆಮೇಲೆ ಅದಕ್ಕೆ ನನ್ನ ಅಂಗೈಯನ್ನೇ ಉಜ್ಜಿ ನೋಡಿದೆ. ಏನೂ ಆಗಲಿಲ್ಲ. ನಮ್ಮ ಪಕ್ಕಾಸಿಗೆ ಅಡುಗೆಮನೆಯ ಹೊಗೆಗಿಂತ ಹೆಚ್ಚಿನ ಬಿಸಿ ತಾಗುವುದಿಲ್ಲ ಎಂಬುದು ನನ್ನ ಲೆಕ್ಕಕ್ಕೆ ಬರಲೇ ಇಲ್ಲ.

ನೌಕೆಯನ್ನು ಶುಚಿ ಮಾಡುತ್ತಿದ್ದವನು ಸುಳ್ಯ ಕಡೆಯ ಕೃಷಿಕರ ಮನೆಯವನು. ನಾವಿಬ್ಬರೂ ಒಂದೇ ಕೋಣೆಯಲ್ಲಿ ಮಲಗುತ್ತಿದ್ದೆವು. ಮನೆಗೆ ಫೋನು ಮಾಡಿದರೆ ಅವನದು ಅರೆಭಾಷೆ, ನನ್ನದು ಬ್ಯಾರಿ. ನಮ್ಮ ನಡುವೆ ತುಳು, ಕನ್ನಡ ಎರಡೂ. ನಾನು ಹಲಗೆ ತಟ್ಟಿ ನೋಡುವುದನ್ನು ಕಂಡರೆ, ಹಾಲು ಕರೆಯುವ ಮೊದಲು ದನವನ್ನೂ ಹೀಗೇ ತಟ್ಟುದಾ ಎಂದು ಕೇಳುತ್ತಿದ್ದ.

ಅತಿಥಿಗಳು ಬರುವ ಮುನ್ನಾದಿನ ಬೆಳಿಗ್ಗೆ ಪರೀಕ್ಷೆಗೆಂದು ಒಲೆಯನ್ನು ಎರಡು ಗಂಟೆ ಉರಿಸಿದರು. ಆರಿಸಿದ ಸ್ವಲ್ಪ ಹೊತ್ತಿಗೆ ಅವನು ಬಟ್ಟೆ ಹಿಡಿದು ಬೆಂಚಿನಡಿ ಅಂಗಾತ ಮಲಗಿ ಒರೆಸತೊಡಗಿದ. ನಾನು ಹೊರಗೆ ಬಾಗಿಲಿನ ಹಿಡಿ ಸರಿಪಡಿಸುತ್ತಿದ್ದೆ. ಅವನು ಮೆಲ್ಲಗೆ ಹೊರಬಂದ, ಒಂದು ಕೈ ಕುತ್ತಿಗೆಯ ಮೇಲಿತ್ತು. ಒಳಗೆ ಬಗ್ಗಿ ನೋಡಿದೆ. ಒಣಗಿದ್ದ ಎಣ್ಣೆ ಬಿಸಿಗೆ ಮತ್ತೆ ಬೆವರಿ, ಹಲಗೆಯಡಿ ಹನಿಹನಿಯಾಗಿ ನಿಂತಿತ್ತು.

ಸಂಜೆಗೆ ಅವನ ಕುತ್ತಿಗೆಯ ತುಂಬ ಗುಳ್ಳೆ ಎದ್ದಿತು. ಎಡಗಣ್ಣಿನ ರೆಪ್ಪೆ ಊದಿ ಮುಚ್ಚಿಕೊಂಡಿತು. ಶುಚಿ ಮಾಡುವ ದ್ರಾವಣಕ್ಕೆ ನೀರು ಬೆರೆಸದೆ ಬಳಸಿದ್ದಾನೆ ಎಂದು ಮೇಲ್ವಿಚಾರಕ ತೀರ್ಮಾನಿಸಿದ. ಸುಳ್ಯದವನ ಕರಾರು ಆ ತಿಂಗಳು ಮುಗಿಯುವುದಿತ್ತು. ತಪ್ಪು ಅವನದೆಂದಾದರೆ ಊರಿಗೆ ಕಳಿಸುತ್ತಾರೆ. ಅವನು ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಆ ದಿನ ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ. ಸೌನಾ ಕೆಟ್ಟಿದೆ ಎಂದು ಬೀಗ ಮಾತ್ರ ಹಾಕಿದೆ.

ಮೂರನೆಯ ಬೆಳಿಗ್ಗೆ ಗಂಜಿ ತಂದು ಅವನ ಮುಂದಿಟ್ಟೆ. ಅವನು ಒಂದೇ ಕಣ್ಣಿನಲ್ಲಿ ನನ್ನನ್ನು ನೋಡಿದ.

"ಗೇರೆಣ್ಣೆ ಅಲ್ವಾ?"

ಹೌದೆಂದೆ.

"ಹನಿ ಬಿದ್ದಾಗಲೇ ಗೊತ್ತಾಯ್ತು. ಸುಳ್ಯದವನಿಗೆ ಆ ವಾಸನೆ ಹೇಳಿಕೊಡ್ಬೇಕಾ ಮಾರಾಯ?"

ಮತ್ತೆ ಯಾಕೆ ಅವರಿಗೆ ಹೇಳಲಿಲ್ಲ ಎಂದು ಕೇಳಿದೆ.

"ನೀನು ಹೇಳ್ತಿ ಅಂತ ಕಾದೆ."

ಒಂದು ಚಮಚ ಬಾಯಿಗಿಟ್ಟು, ಗಂಜಿಗೆ ಉಪ್ಪು ಹಾಕುವುದನ್ನೂ ನೀನು ಮರೆತಿದ್ದಿ ಎಂದ.

ಸೀಸೆ ತೆಗೆದುಕೊಂಡು ಮೇಲ್ವಿಚಾರಕನ ಬಳಿ ಹೋದೆ. ಅವನು ಮುಚ್ಚಳ ತೆರೆದು ಮೂಸಿ, ಮುಚ್ಚಿ, ಬೆಂಚು ಕಳಚಲು ಹೇಳಿದ. ಹೊಸ ಹಲಗೆ ಬಂತು. ಕೊಯ್ದೆ, ಉಜ್ಜಿದೆ, ಅಡಿಯಿಂದ ಸ್ಕ್ರೂ ಹಾಕಿದೆ, ಏನೂ ಹಚ್ಚಲಿಲ್ಲ. ಆ ಕೆಲಸ ಮುಗಿದ ವಾರ ನನ್ನನ್ನು ಊರಿಗೆ ಕಳಿಸಿದರು. ಸುಳ್ಯದವನ ಕರಾರು ಮುಂದುವರಿಯಿತು.

ಈಗ ಸವಣೂರಿನಲ್ಲಿ ದಾರಂದ, ಕಿಟಕಿ ಮಾಡುತ್ತೇನೆ. ಗೇರೆಣ್ಣೆ ಹಚ್ಚಲೇಬೇಕಾಗುತ್ತದೆ, ಹಚ್ಚುತ್ತೇನೆ. ಎಲ್ಲಿಗೆ ಹಚ್ಚಿದ್ದೇನೆಂದು ಮನೆಯವರಿಗೆ ಎರಡೆರಡು ಸಲ ಹೇಳುತ್ತೇನೆ. ಅವರಿಗೆ ಬೇಸರವಾಗುತ್ತದೆ, ಹೇಳಿ ಹೇಳಿ ನನಗೂ ಸಾಕಾಗಿದೆ.

ಹೋದ ತಿಂಗಳು ರಜೆಯಲ್ಲಿ ಬಂದ ಸುಳ್ಯದವನು ನನ್ನ ಮರಗೆಲಸದ ಕೊಟ್ಟಿಗೆಗೂ ಬಂದ. ಕಣ್ಣು ಸರಿಯಾಗಿದೆ, ರೆಪ್ಪೆಯ ಮೇಲೆ ಬಿಳಿಯ ಒಂದು ಗೆರೆ ಉಳಿದಿದೆ. ಹೊಸ ಬೆಂಚು ತೋರಿಸಿ ಕೂರಲು ಹೇಳಿದೆ. ಅವನು ಕೂರಲಿಲ್ಲ.

"ಇದರ ಅಡಿಗೆ ಎಂತ ಉಂಟು?"

"ಎಂತದೂ ಇಲ್ಲ. ಬರೀ ಮರ."

ಅವನು ನಗುತ್ತಲೇ ಬಗ್ಗಿದ. ಆದರೂ ಹಲಗೆಯ ಅಡಿಯಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬೆರಳು ಎಳೆದು, ಬೆರಳನ್ನು ಮೂಸಿ ನೋಡಿದ. ಆಮೇಲೆ ಕೂತ.