ಹೊಟ್ಟೆನೋವಿಗೆ ಕನ್ನಡಕ

ಚಿಕ್ಕಮ್ಮನ ಮೊದಲ ಕನ್ನಡಕದ ಫ್ರೇಮು ಕಪ್ಪೋ ಕಂದೋ, ಪ್ರಮಾಣ ಮಾಡಿ ಹೇಳಲಾರೆ. ಅಂಗಡಿ ಕಮರ್ಷಿಯಲ್ ಸ್ಟ್ರೀಟಿನಲ್ಲಿತ್ತೋ, ಶಿವಾಜಿನಗರದ ಬಸ್ ಸ್ಟ್ಯಾಂಡಿನ ಹತ್ತಿರವೋ, ಅದೂ ಅನುಮಾನ. (ನನ್ನ ನೆನಪನ್ನು ನಾನೇ ಅರ್ಧ ನಂಬುತ್ತೇನೆ, ನೀವು ಕಾಲು ಭಾಗ ನಂಬಿದರೆ ಸಾಕು.) ಆದರೆ ಆ ಕನ್ನಡಕ ಬಂದದ್ದು ಹೊಟ್ಟೆನೋವಿಗೆ. ಅದು ಮಾತ್ರ ಖಂಡಿತ.

ನಮ್ಮ ಹಲಸೂರಿನ ಮನೆಯಲ್ಲಿ ಒಂದು ಪದ್ಧತಿ. ಮುಟ್ಟಿನ ನೋವನ್ನು ಗಂಡಸರೆದುರು 'ತಲೆನೋವು' ಎನ್ನಬೇಕು. ಚಿಕ್ಕಮ್ಮನಿಗೆ ತಿಂಗಳು ತಿಂಗಳೂ ತಲೆನೋವು. ಮಂಡಿ ಮಡಚಿ, ಬಿಸಿನೀರಿನ ಬಾಟಲಿಯನ್ನು ಹೊಟ್ಟೆಗೆ ಒತ್ತಿಕೊಂಡು ಮಲಗುವಂಥ ತಲೆನೋವು. ತಾತನಿಗೆ ಮಗಳೆಂದರೆ ಪ್ರಾಣ. ಕರೆದುಕೊಂಡು ಹೋಗಿ ಕನ್ನಡಕ ಹಾಕಿಸಿಬಿಟ್ಟರು. ಅಜ್ಜಿ ತಡೆಯಲಿಲ್ಲ. ತಡೆದರೆ ಕಾರಣ ಹೇಳಬೇಕಲ್ಲ?

ಮುಂದಿನ ತಿಂಗಳು ಚಿಕ್ಕಮ್ಮ ಕನ್ನಡಕ ಹಾಕಿಕೊಂಡೇ ಹೊರಳಾಡಿದಳು. ತಾತ ಪವರ್ ಬದಲಿಸಿದರು.

ಈಗ ನನ್ನ ಸರದಿ. ಮಗು ಬೇಕೆಂದು ಇಂದಿರಾನಗರದ ಕ್ಲಿನಿಕ್ಕಿಗೆ ಅಲೆಯುತ್ತಿದ್ದೇನೆ. ಲ್ಯಾಪರೊಸ್ಕೋಪಿ ಎಂದು ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡಿ ಎಂಡೊಮೆಟ್ರಿಯೋಸಿಸ್ ಎಂದರು. ಗರ್ಭಕೋಶದ ಒಳಪದರದಂಥದ್ದೇ ಹೊರಗೂ ಬೆಳೆದು ನೋಯಿಸುತ್ತದಂತೆ. ಬಸಿರಿಗೂ ಅಡ್ಡ ಬರಬಹುದಂತೆ. (ಪ್ರತಿ ತಿಂಗಳು ಆಫೀಸಿಗೆ ರಜೆ ಹಾಕಲು ನಾನು ಕೊಡುತ್ತಿದ್ದ ಕಾರಣ? ಮೈಗ್ರೇನ್. ಡಿಗ್ರಿ ಮಾಡಿದ ತಲೆನೋವು.)

ಕಳೆದ ವಾರ ಚಿಕ್ಕಮ್ಮನೂ ನನ್ನ ಜೊತೆ ಬಂದಳು. ಅಲ್ಲಿನ ಎಳೆ ವಯಸ್ಸಿನ ಡಾಕ್ಟರ್ ಇದೇ ಕಾಯಿಲೆಯ ಬಗ್ಗೆ ರಿಸರ್ಚ್ ಮಾಡುತ್ತಿದ್ದಾರೆ.

"ಇದು ಮನೆತನದಲ್ಲಿ ಬರತ್ತಾ ಅಂತ ನೋಡ್ತಿದೀವಿ. ನಿಮ್ಮ ತಾಯಿ ಕಡೆ ಯಾರಿಗಾದ್ರೂ ಇಂಥ ನೋವಿತ್ತಾ?"

ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಮ್ಮ, "ನಮ್ಮನೇಲಿ ಯಾರ್ಗೂ ಏನೂ ಇಲ್ಲಮ್ಮ. ಎಲ್ಲಾ ಗಟ್ಟಿ ಹೆಂಗಸ್ರು" ಅಂದಳು.

"ನಿಮಗೆ?"

"ನಂಗೆ ಬರೀ ತಲೆನೋವು. ಕಣ್ಣಿನ ದೋಷ." ಸಾಕ್ಷಿಗೆಂದು ಕನ್ನಡಕ ತೆಗೆದು ತೋರಿಸಿದಳು.

"ಮಕ್ಕಳು?"

"ದೇವ್ರು ಕೊಡ್ಲಿಲ್ಲ."

ಡಾಕ್ಟರ್ ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. "ಮನೇಲಿ ಕೇಳ್ಕೊಂಡು ಬರ್ತೀನಿ" ಅಂದೆ. ಎಂಥ ಸಂಶೋಧನೆಯಾದರೂ ನಮ್ಮ ಚಿಕ್ಕಮ್ಮಂದಿರನ್ನು ದಾಟಿ ಮುಂದೆ ಹೋಗಬೇಕಲ್ಲ?

ಆಟೋದಲ್ಲಿ ಚಿಕ್ಕಮ್ಮನ ವರದಿ: "ಹುಡುಗಿ ಒಳ್ಳೇವ್ಳೇ. ಆದ್ರೆ ಬಾಳ ಕೇಳ್ತಾಳೆ."

"ತಾತ ಹೋಗಿ ಎಷ್ಟು ವರ್ಷ ಆಯ್ತು. ಇನ್ನೂ ಯಾರಿಗೆ ಹೆದರ್ತೀಯ?"

"ಹೆದ್ರಿಕೆ ಏನ್ ಬಂತು? ನಮ್ಮಪ್ಪ ಆಸೆಪಟ್ಟು ಹಾಕ್ಸಿದ್ ಕನ್ನಡಕ ಕಣೇ. ಅದ್ನ ಸುಳ್ಳು ಮಾಡ್ಲಾ?"

ಮಕ್ಕಳಾಗಲಿಲ್ಲವೆಂದು ಅತ್ತೆಮನೆಯವರು ಚಿಕ್ಕಮ್ಮನ ಜಾತಕ ನೋಡಿಸಿದರು, ನಾಗರಕಲ್ಲು ಸುತ್ತಿಸಿದರು, ಕೊನೆಗೆ ಕಾಲ್ಗುಣವನ್ನೂ ಬೈದರು. ಅವಳ ಹೊಟ್ಟೆಯನ್ನು ಮಾತ್ರ ಯಾರೂ ವಿಚಾರಿಸಲಿಲ್ಲ. ನನ್ನ ಹೊಟ್ಟೆಯೊಳಗೆ ಕ್ಯಾಮೆರಾ ಹೋಗಿ ಬಂದಿದೆ; ಮಗು ಬಂದರೂ ಬರಬಹುದು. ಆ ಮಗು ಮಗಳಾದರೆ? ಅವಳಿಗೂ ಒಂದು ಕನ್ನಡಕ ಕಾದಿದೆಯೇ? ಅದನ್ನು ತಿಳಿಯಲು ನನಗೆ ಚಿಕ್ಕಮ್ಮನ ಒಂದು ಮಾತು ಬೇಕಿತ್ತು.

ಹಲಸೂರು ಕೆರೆ ದಾಟುವಾಗ ಕೇಳಿಯೇಬಿಟ್ಟೆ. ಚಿಕ್ಕಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದಳು. ವಾರವಾಯಿತು, ಕೇಳಿದಾಗಲೆಲ್ಲ ಒರೆಸುತ್ತಾಳೆ. ನಾಳೆ ಮತ್ತೆ ಡಾಕ್ಟರನ್ನು ನೋಡಬೇಕು.

ನಾನು ಕೇಳಿದ್ದಿಷ್ಟೇ: "ಚಿಕ್ಕಮ್ಮ, ಆ ತಲೆನೋವು ನಿಂಗೆ ಎಲ್ಲಿ ಬರ್ತಿತ್ತು?"